ಅಳೆಯುವ ಮೊದಲು ಸ್ಕೇಲನ್ನೇ ಒಮ್ಮೆ ಅಳೆಯಿರಿ

ಎಂಟನೇ, ಒಂಬತ್ತನೇ ತರಗತಿಯ ವಿಜ್ಞಾನ ಪ್ರಯೋಗದಲ್ಲಿ ಉತ್ತರ ಸರಿ ಬಾರದಿದ್ದರೆ ಮಕ್ಕಳು ತಪ್ಪನ್ನು ಮೊದಲು ಹುಡುಕುವುದು ಸೂತ್ರದಲ್ಲಿ. ಅಲ್ಲಿ ಅದು ಸಿಗುವುದು ಅಪರೂಪ. ಸವೆದ ಸ್ಕೇಲಿನ ತುದಿ, ಸೊನ್ನೆಗೆ ನಿಲ್ಲದ ತಕ್ಕಡಿ, ಓರೆಯಿಂದ ನೋಡಿದ ಕಣ್ಣು, ಸೆಂಟಿಮೀಟರೂ ಮೀಟರೂ ಬೆರೆತುಹೋದ ಲೆಕ್ಕ – ಹೆಚ್ಚಿನ ತಪ್ಪುಗಳು ಈ ನಾಲ್ಕರೊಳಗೇ ಇರುತ್ತವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಮನೆಯಲ್ಲಿ ಅವರಿಗೆ ಹೇಳಿಕೊಡುವ ಹಿರಿಯರಿಗೂ ಉಪಯೋಗಕ್ಕೆ ಬರುವಂತೆ, ಯಾವುದನ್ನು ಹೇಗೆ ಅಳೆಯಬೇಕು, ಎಲ್ಲಿ ಎಡವುತ್ತೇವೆ, ಎಡವಿದ್ದು ಗೊತ್ತಾಗುವುದು ಹೇಗೆ ಎಂಬುದನ್ನು ಇಲ್ಲಿ ಬರೆದಿದೆ.

ಬೇಕಾದ ಸಾಮಾನು ಹೆಚ್ಚೇನಿಲ್ಲ. 30 ಸೆ.ಮೀ. ಸ್ಕೇಲು, ಬಡಗಿಯ ಉಕ್ಕಿನ ಟೇಪು, 1 ಗ್ರಾಂವರೆಗೆ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ, 100 ಮಿ.ಲೀ. ಅಳತೆ ಜಾಡಿ, ಸ್ವಲ್ಪ ನೂಲು, ಮೊಬೈಲಿನ ಸ್ಟಾಪ್‌ವಾಚ್, ಹತ್ತು ರೂಪಾಯಿಯ ಹತ್ತು ನಾಣ್ಯ. ಶಾಲೆಯ ಲ್ಯಾಬಿಗೆ ಹೋಗದೆಯೂ ಮುಕ್ಕಾಲು ಪಾಲು ಕೆಲಸ ಇಷ್ಟರಲ್ಲೇ ಆಗುತ್ತದೆ.

ಮೊದಲು ಪದಗಳ ವಿಷಯ

ನಮ್ಮ ಮಕ್ಕಳು ಪುಸ್ತಕವನ್ನು ಕನ್ನಡದಲ್ಲಿ ಓದುತ್ತಾರೆ, ಟ್ಯೂಷನ್ನಿನಲ್ಲಿ ಮಲಯಾಳ ಕೇಳುತ್ತಾರೆ, ಹನ್ನೊಂದಕ್ಕೆ ಹೋದಾಗ ಇಂಗ್ಲಿಷಿಗೆ ಹಾರುತ್ತಾರೆ. ಮೂರೂ ಕಡೆ ಹೆಸರು ಬೇರೆ, ವಸ್ತು ಒಂದೇ. ಮಲಯಾಳದ 'ಪಿಂಡಂ' ನಮ್ಮ ದ್ರವ್ಯರಾಶಿ. ಅವರ 'ವ್ಯಾಪ್ತಂ' ನಮ್ಮ ಘನಫಲ. 'ಭಾರಂ' ಎಂದರೆ ತೂಕ, 'ಸಾಂದ್ರತ' ಎಂದರೆ ಸಾಂದ್ರತೆ. ಇದರಲ್ಲಿ ಮೊದಲನೆಯದಕ್ಕೂ ಮೂರನೆಯದಕ್ಕೂ ಗಂಟು ಬೀಳದಂತೆ ನೋಡಿಕೊಳ್ಳಿ. ದ್ರವ್ಯರಾಶಿಯ ಏಕಮಾನ ಕಿಲೋಗ್ರಾಂ. ತೂಕ ಒಂದು ಬಲ, ಅದರ ಏಕಮಾನ ನ್ಯೂಟನ್. ಒಂದು ಕಿಲೋ ಅಕ್ಕಿಯನ್ನು ಭೂಮಿ ಎಳೆಯುವ ಬಲ ಸುಮಾರು 9.8 ನ್ಯೂಟನ್. ಅಂಗಡಿಯ ತಕ್ಕಡಿ ಬಲವನ್ನೇ ಅಳೆದರೂ ಪರದೆಯ ಮೇಲೆ ಕಿಲೋ ಎಂದು ತೋರಿಸುವುದರಿಂದ ಈ ಗೊಂದಲ. ಸ್ಪ್ರಿಂಗ್ ತಕ್ಕಡಿಯಲ್ಲಿ ಎರಡು ಸಾಲು ಗೀಟು ಇರುತ್ತದೆ, ಒಂದು ಗ್ರಾಂ, ಇನ್ನೊಂದು ನ್ಯೂಟನ್. ಯಾವ ಸಾಲನ್ನು ಓದಿದಿರಿ ಎಂದು ಅಲ್ಲೇ ಬರೆದುಕೊಳ್ಳಿ.

ಉಪಸರ್ಗಗಳನ್ನು ಬಾಯಿಪಾಠ ಮಾಡುವುದೇ ಒಳ್ಳೆಯದು, ಇದಕ್ಕೆ ಸುಲಭದ ದಾರಿ ಬೇರೆ ಇಲ್ಲ: ಕಿಲೋ ಸಾವಿರ ಪಟ್ಟು, ಹೆಕ್ಟೋ ನೂರು ಪಟ್ಟು, ಡೆಕಾ ಹತ್ತು ಪಟ್ಟು, ಡೆಸಿ ಹತ್ತರಲ್ಲೊಂದು, ಸೆಂಟಿ ನೂರರಲ್ಲೊಂದು, ಮಿಲಿ ಸಾವಿರದಲ್ಲೊಂದು, ಮೈಕ್ರೋ ಹತ್ತು ಲಕ್ಷದಲ್ಲೊಂದು. ಇಂಗ್ಲಿಷ್ ಸಂಕೇತ ಬರೆಯುವಾಗ ಸಣ್ಣ ಎಮ್ ಮಿಲಿ, ದೊಡ್ಡ ಎಮ್ ಮೆಗಾ. ಒಂದು ಅಕ್ಷರ ದೊಡ್ಡದಾದರೆ ಉತ್ತರ ನೂರು ಕೋಟಿ ಪಟ್ಟು ಬದಲಾಗುತ್ತದೆ. ಕಿಲೋಗ್ರಾಂ ಸಂಕೇತದ ಎರಡೂ ಅಕ್ಷರ ಸಣ್ಣದು. ನ್ಯೂಟನ್, ಕೆಲ್ವಿನ್‌ಗಳ ಸಂಕೇತ ವ್ಯಕ್ತಿಯ ಹೆಸರಿನಿಂದ ಬಂದದ್ದರಿಂದ ದೊಡ್ಡಕ್ಷರ. ಸಂಕೇತಕ್ಕೆ ಬಹುವಚನವಿಲ್ಲ, ಕೊನೆಗೆ ಚುಕ್ಕಿಯೂ ಇಲ್ಲ. ಕನ್ನಡದಲ್ಲಿ ನಾವು 'ಸೆ.ಮೀ.' ಎಂದು ಚುಕ್ಕಿ ಹಾಕುವುದು ಪದವನ್ನು ಚಿಕ್ಕದು ಮಾಡಿ ಬರೆಯುವ ರೂಢಿ ಅಷ್ಟೆ.

ಸ್ಕೇಲು, ಟೇಪು

ಹೊಸ ಸ್ಕೇಲೇ ಆಗಲಿ, ನಂಬುವ ಮೊದಲು ಪರೀಕ್ಷಿಸಿ. ಹತ್ತು ರೂಪಾಯಿ ನಾಣ್ಯದ ವ್ಯಾಸ 27 ಮಿ.ಮೀ. ಹತ್ತು ನಾಣ್ಯಗಳನ್ನು ಪುಸ್ತಕದ ನೇರ ಅಂಚಿಗೆ ಒತ್ತಿ, ಒಂದಕ್ಕೊಂದು ತಾಗುವಂತೆ ಸಾಲಾಗಿ ಇಡಿ. ಸಾಲಿನ ಉದ್ದ 27.0 ಸೆ.ಮೀ. ಬರಬೇಕು. 26.8 ಬಂದರೆ ಸ್ಕೇಲಿನ ಗೀಟುಗಳ ಅಂತರ ತುಸು ಹಿಗ್ಗಿದೆ ಎಂದೋ, ನೀವು ಸೊನ್ನೆಯಿಂದ ಆರಂಭಿಸದೆ ಸ್ಕೇಲಿನ ತುದಿಯಿಂದ ಆರಂಭಿಸಿದಿರಿ ಎಂದೋ ಅರ್ಥ. ಎರಡನೆಯದೇ ಹೆಚ್ಚು. ತುದಿಗೂ ಸೊನ್ನೆಯ ಗೀಟಿಗೂ ನಡುವೆ ಕೆಲವು ಸ್ಕೇಲುಗಳಲ್ಲಿ ಎರಡು ಮೂರು ಮಿಲಿಮೀಟರ್ ಖಾಲಿ ಜಾಗ ಇರುತ್ತದೆ, ಇನ್ನು ಕೆಲವುಗಳಲ್ಲಿ ಇರುವುದಿಲ್ಲ. ಮರದ ಸ್ಕೇಲಿನ ತುದಿ ಸವೆದು ಸೊನ್ನೆಯೇ ಮಾಯವಾಗಿದ್ದರೆ 1 ಸೆ.ಮೀ. ಗೀಟಿನಿಂದ ಅಳೆದು ಕೊನೆಗೆ ಒಂದು ಕಳೆಯಿರಿ. ಕಳೆಯುವುದು ಮರೆತುಹೋಗುವುದೇ ರೂಢಿ. ಹಾಗಾಗಿ ಪುಸ್ತಕದಲ್ಲಿ ಉತ್ತರವನ್ನು ಮಾತ್ರ ಬರೆಯದೆ 'ಆರಂಭ 1.0, ಕೊನೆ 9.4, ಉದ್ದ 8.4' ಎಂದು ಮೂರನ್ನೂ ಬರೆಯಿರಿ.

ಕಣ್ಣು ಗೀಟಿನ ನೇರ ಮೇಲೆಯೇ ಇರಬೇಕು. ಸ್ಕೇಲು ದಪ್ಪವಾಗಿದ್ದಷ್ಟೂ ಓರೆನೋಟದ ತಪ್ಪು ಹೆಚ್ಚು. ಇದಕ್ಕೊಂದು ಉಪಾಯವಿದೆ: ಸ್ಕೇಲನ್ನು ಮಲಗಿಸುವ ಬದಲು ಅಂಚಿನ ಮೇಲೆ ನಿಲ್ಲಿಸಿ, ಗೀಟುಗಳು ವಸ್ತುವಿಗೇ ತಾಗುವಂತೆ ಮಾಡಿ. ಆಗ ಎಲ್ಲಿಂದ ನೋಡಿದರೂ ಓದು ಹೆಚ್ಚು ಬದಲಾಗುವುದಿಲ್ಲ.

ಉಕ್ಕಿನ ಟೇಪಿನ ತುದಿಯ ಕೊಕ್ಕೆ ಅಲುಗಾಡುತ್ತದೆ ಎಂದು ಕೆಲವರು ಬಡಿದು ಬಿಗಿ ಮಾಡುತ್ತಾರೆ, ಅಂಟು ಹಾಕುವವರೂ ಇದ್ದಾರೆ. ಮಾಡಬೇಡಿ. ಆ ಸಡಿಲ ಬೇಕೆಂದೇ ಬಿಟ್ಟದ್ದು. ಕೊಕ್ಕೆಯನ್ನು ಹಲಗೆಯ ಅಂಚಿಗೆ ಸಿಕ್ಕಿಸಿ ಎಳೆದರೆ ಅದು ಹೊರಕ್ಕೆ ಜರಗುತ್ತದೆ, ಗೋಡೆಗೆ ಒತ್ತಿದರೆ ಒಳಕ್ಕೆ ಜರಗುತ್ತದೆ. ಎರಡೂ ಕಡೆ ಕೊಕ್ಕೆಯ ದಪ್ಪದಷ್ಟೇ ಸರಿಹೊಂದಿ ಸೊನ್ನೆ ಸರಿಯಾಗಿ ಬರುತ್ತದೆ. ದರ್ಜಿಯ ಬಟ್ಟೆ ಟೇಪಿನ ಕತೆ ಬೇರೆ. ಹಳೆಯದಾದಂತೆ ಅದು ಜಗ್ಗುತ್ತದೆ. ಪ್ರಯೋಗಕ್ಕೆ ಬೇಡ.

ಒಂದು ಹಾಳೆಯ ದಪ್ಪ ಅಳೆಯಿರಿ ಎಂಬ ಪ್ರಶ್ನೆ ಪ್ರತಿವರ್ಷ ಬರುತ್ತದೆ. ಒಂದು ಹಾಳೆಯನ್ನು ಸ್ಕೇಲಿಗೆ ಹಿಡಿದರೆ ಏನೂ ಸಿಗದು. ನೂರು ಹಾಳೆ ಒಟ್ಟಿಗೆ ಒತ್ತಿ ಅಳೆದು ನೂರರಿಂದ ಭಾಗಿಸಿ. ಇದರಲ್ಲಿ ಲಾಭವೇನೆಂದರೆ ಓದಿನ ತಪ್ಪೂ ನೂರರಿಂದ ಭಾಗವಾಗುತ್ತದೆ. ಅರ್ಧ ಮಿಲಿಮೀಟರ್ ತಪ್ಪಿ ಓದಿದ್ದರೂ ಒಂದು ಹಾಳೆಗೆ ಬರುವುದು 0.005 ಮಿ.ಮೀ. ಮಾತ್ರ. ಪುಸ್ತಕದ ಹಾಳೆ ಅಳೆಯುವಾಗ ಪುಟ ಸಂಖ್ಯೆಯನ್ನು ನೋಡಿ ಭಾಗಿಸುವವರು ಜಾಗ್ರತೆ: 200 ಪುಟ ಎಂದರೆ 100 ಹಾಳೆ. ಉತ್ತರ ಸರಿಯಾಗಿ ಅರ್ಧ ಬಂದಿದ್ದರೆ ತಪ್ಪು ಇಲ್ಲಿಯೇ.

ತಕ್ಕಡಿ

ಡಿಜಿಟಲ್ ತಕ್ಕಡಿಯನ್ನು ಗಟ್ಟಿಯಾದ ಸಮತಟ್ಟು ಜಾಗದಲ್ಲಿಡಿ. ಪ್ಲಾಸ್ಟಿಕ್ ಮೇಜುಬಟ್ಟೆಯ ಮಡಿಕೆ, ಚಾಪೆ, ಫ್ಯಾನಿನ ಗಾಳಿ ಎಲ್ಲವೂ ಅಂಕಿಯನ್ನು ಕುಣಿಸುತ್ತವೆ. ಪಾತ್ರೆ ಇಟ್ಟು ಸೊನ್ನೆ ಒತ್ತಿ, ಅನಂತರ ವಸ್ತು ಹಾಕಿ. ಪಾತ್ರೆ ತೆಗೆದಾಗ ಪಾತ್ರೆಯ ತೂಕ ಮೈನಸ್ಸಾಗಿ ಕಾಣಿಸಬೇಕು. ಮೈನಸ್ ಅಂಕಿ ಮೊದಲಿನ ಪಾತ್ರೆ ತೂಕಕ್ಕಿಂತ ಬೇರೆಯಾಗಿದ್ದರೆ ನಡುವೆ ಏನೋ ಜರಗಿದೆ, ಇನ್ನೊಮ್ಮೆ ಮಾಡಿ.

ತಕ್ಕಡಿಯನ್ನು ಪರೀಕ್ಷಿಸಲು ಮೂರು ದಾರಿ. ಇಪ್ಪತ್ತು ರೂಪಾಯಿ ನಾಣ್ಯ ಒಂದಕ್ಕೆ 8.54 ಗ್ರಾಂ, ಹತ್ತು ಇಟ್ಟರೆ 85 ಬರಬೇಕು. ಎರಡನೆಯದು ಕಾಗದದ ಕಟ್ಟು. ಎ4 ಹಾಳೆ 297 ಮಿ.ಮೀ. ಉದ್ದ, 210 ಮಿ.ಮೀ. ಅಗಲ, ಅಂದರೆ 0.0624 ಚದರ ಮೀಟರ್. ಕಟ್ಟಿನ ಮೇಲೆ 75 ಜಿ.ಎಸ್.ಎಮ್. ಎಂದಿದ್ದರೆ ಚದರ ಮೀಟರಿಗೆ 75 ಗ್ರಾಂ ಎಂದು ಅರ್ಥ, ಒಂದು ಹಾಳೆ 4.68 ಗ್ರಾಂ, 500 ಹಾಳೆ 2.34 ಕಿಲೋ. ಕಾರ್ಖಾನೆಯಲ್ಲೇ ಶೇಕಡಾ ಒಂದೆರಡು ಹೆಚ್ಚುಕಡಿಮೆ ಇರುತ್ತದೆ, ಆಟಿಯ ಮಳೆಗಾಲದಲ್ಲಿ ಕಾಗದ ತೇವ ಎಳೆದು ಇನ್ನಷ್ಟು ಭಾರವಾಗುತ್ತದೆ. ಹಾಗಾಗಿ ಇದು ದೊಡ್ಡ ತಪ್ಪು ಹಿಡಿಯಲು ಮಾತ್ರ. ಮೂರನೆಯದು ನೀರು. ಒಂದು ಲೀಟರ್ ನೀರು ಒಂದು ಕಿಲೋ ಎನ್ನುವುದು 4 ಡಿಗ್ರಿ ಸೆಲ್ಸಿಯಸ್‌ನ ಮಾತು. ನಮ್ಮಲ್ಲಿ 30 ಡಿಗ್ರಿಯ ನೀರು ಲೀಟರಿಗೆ 996 ಗ್ರಾಂ. ಆದರೆ ಅಡುಗೆಮನೆಯ ಪ್ಲಾಸ್ಟಿಕ್ ಅಳತೆ ಮಗ್ಗಿನ ಗೀಟೇ ಇದಕ್ಕಿಂತ ಹೆಚ್ಚು ತಪ್ಪಿರುತ್ತದೆ. ಮಗ್ಗಿನಿಂದ ತಕ್ಕಡಿಯನ್ನು ಪರೀಕ್ಷಿಸುವುದಕ್ಕಿಂತ ತಕ್ಕಡಿಯಿಂದ ಮಗ್ಗನ್ನು ಪರೀಕ್ಷಿಸುವುದು ಜಾಣತನ.

ಅಂಗಡಿಗಳಲ್ಲಿ ಲೀಗಲ್ ಮೆಟ್ರಾಲಜಿ ಇಲಾಖೆಯ ಮುದ್ರೆ ಬಿದ್ದ ತೂಕದ ಕಲ್ಲು ಸಿಕ್ಕಿದರೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ಬೇರಿಲ್ಲ. ಐದು ನಿಮಿಷಕ್ಕೆ ಕೇಳಿ ತಂದರಾಯಿತು.

ಒಂದು ಸಣ್ಣ ಮೋಸವಿದೆ. ಖಾಲಿ ತಕ್ಕಡಿಯ ಮೇಲೆ ಉಪ್ಪನ್ನು ಚಿಟಿಕೆ ಚಿಟಿಕೆಯಾಗಿ ನಿಧಾನಕ್ಕೆ ಹಾಕುತ್ತಾ ಹೋದರೆ ಕೆಲವು ತಕ್ಕಡಿ ಸೊನ್ನೆಯಲ್ಲೇ ಕೂರುತ್ತದೆ. ಸಣ್ಣ ಬದಲಾವಣೆಯನ್ನು ಅದು ತನ್ನದೇ ಸೊನ್ನೆ ಜರಗಿದ್ದೆಂದು ಎಣಿಸಿ ಅಳಿಸಿಹಾಕುತ್ತದೆ. ಸಣ್ಣ ವಸ್ತುವನ್ನು ಬೇರೆ ಕಡೆ ಕೂಡಿಸಿ ಒಮ್ಮೆಲೇ ಇಡಿ. ಒಂದು ಗ್ರಾಂ ತೋರಿಸುವ ತಕ್ಕಡಿಯಲ್ಲಿ ಒಂದು ಕಡಲೆಯನ್ನು ತೂಗುವುದಕ್ಕೂ ಅರ್ಥವಿಲ್ಲ, ನೂರು ಕಡಲೆ ತೂಗಿ ಭಾಗಿಸಿ.

ಸೇರು, ಕುಡ್ತೆ ಮತ್ತು ಲೀಟರ್

ಅಟ್ಟದ ಮೇಲೆ ಸೇರು, ಕುಡ್ತೆ ಇದ್ದರೆ ಇಳಿಸಿ. ನಾಲ್ಕು ಕುಡ್ತೆ ಒಂದು ಸೇರು, ಹದಿನಾಲ್ಕು ಸೇರು ಒಂದು ಕಳಸೆ, ಮೂರು ಕಳಸೆ ಒಂದು ಮುಡಿ. ಇವೆಲ್ಲ ಅಳೆಯುವುದು ಘನಫಲವನ್ನು, ದ್ರವ್ಯರಾಶಿಯನ್ನಲ್ಲ. ಒಂದು ಸೇರು ಅಕ್ಕಿಯೂ ಒಂದು ಸೇರು ಅವಲಕ್ಕಿಯೂ ತಕ್ಕಡಿಯಲ್ಲಿ ಒಂದೇ ಆಗದು. ಮಗುವಿಗೆ ಘನಫಲಕ್ಕೂ ದ್ರವ್ಯರಾಶಿಗೂ ಇರುವ ಅಂತರ ತಿಳಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ಪಠ್ಯದಲ್ಲಿಲ್ಲ.

ನಿಮ್ಮ ಮನೆಯ ಸೇರು ಎಷ್ಟು ಮಿಲಿಲೀಟರ್ ಎಂದು ಹೀಗೆ ತಿಳಿಯಿರಿ. ಒಣಗಿದ ಸೇರನ್ನು ತಕ್ಕಡಿಯಲ್ಲಿಟ್ಟು ಸೊನ್ನೆ ಮಾಡಿ. ಬಾಯಿಮಟ್ಟ ನೀರು ತುಂಬಿ, ಉಬ್ಬಿ ನಿಂತ ನೀರನ್ನು ಸ್ಕೇಲಿನ ಅಂಚಿನಿಂದ ಸವರಿ ತೆಗೆಯಿರಿ, ಹೊರಗಿನ ಹನಿ ಒರಸಿ. ಎಷ್ಟು ಗ್ರಾಂ ಬಂತೋ ಹೆಚ್ಚುಕಡಿಮೆ ಅಷ್ಟೇ ಮಿಲಿಲೀಟರ್. ಬಿದಿರಿನದೋ ಮರದ್ದೋ ಆದರೆ ನೀರು ಹೀರುತ್ತದೆ, ಒಳಗೆ ತೆಳು ಪ್ಲಾಸ್ಟಿಕ್ ಚೀಲ ಹಾಸಿಕೊಳ್ಳಿ. ನೆರೆಮನೆಯ ಸೇರನ್ನೂ ಅಳೆಯಿರಿ. ಎರಡೂ ಒಂದೇ ಬಾರದಿದ್ದರೆ ಆಶ್ಚರ್ಯವಿಲ್ಲ, ದಶಮಾನ ಪದ್ಧತಿ ಬಂದದ್ದೇ ಇದಕ್ಕಾಗಿ. ಕಾಸರಗೋಡು ಕೇರಳಕ್ಕೆ ಸೇರಿದ 1956ರಲ್ಲೇ ತೂಕ ಅಳತೆಗಳ ಮಾನಕ ಕಾಯಿದೆಯೂ ಆಯಿತು, ಮರುವರ್ಷ ಏಪ್ರಿಲಿನಲ್ಲಿ ಆಣೆ ಹೋಗಿ ನಯಾಪೈಸೆ ಬಂತು.

ತೆಂಗಿನೆಣ್ಣೆಯಲ್ಲಿ ಈ ವ್ಯತ್ಯಾಸ ಹಣದ ರೂಪದಲ್ಲೇ ಕಾಣುತ್ತದೆ. ಗಾಣದಲ್ಲಿ ಕಿಲೋ ಲೆಕ್ಕ, ಅಂಗಡಿಯ ಪ್ಯಾಕೆಟ್ ಲೀಟರ್ ಲೆಕ್ಕ. ಒಂದು ಲೀಟರ್ ತೆಂಗಿನೆಣ್ಣೆ 910ರಿಂದ 920 ಗ್ರಾಂ. ಆದ್ದರಿಂದ ಗಾಣದ ಒಂದು ಕಿಲೋಗೆ ಹತ್ತಿರ ಹತ್ತಿರ 1.09 ಲೀಟರ್ ಎಣ್ಣೆ ಸಿಗುತ್ತದೆ. ಎರಡು ಬೆಲೆಯನ್ನು ಹೋಲಿಸುವ ಮೊದಲು ಕಿಲೋ ಬೆಲೆಯನ್ನು 0.915ರಿಂದ ಗುಣಿಸಿ ಲೀಟರಿಗೆ ತನ್ನಿ.

ಅಳತೆ ಜಾಡಿಯಲ್ಲಿ ನೀರಿನ ಮೇಲ್ಮೈ ಗಾಜಿನ ಕಡೆಗೆ ಮೇಲೇರಿ ನಡುವೆ ತಗ್ಗಿರುತ್ತದೆ. ಓದಬೇಕಾದ್ದು ತಗ್ಗಿನ ತಳವನ್ನು. ಜಾಡಿಯನ್ನು ಕೈಯಲ್ಲಿ ಎತ್ತಿ ಕಣ್ಣಿಗೆ ತರಬೇಡಿ, ಓರೆಯಾಗುತ್ತದೆ. ಮೇಜಿನ ಮೇಲಿಟ್ಟು ನೀವೇ ಬಗ್ಗಿ. ಹಿಂದೆ ಬಿಳಿ ಕಾಗದ ಹಿಡಿದರೆ ತಗ್ಗು ಸ್ಪಷ್ಟ ಕಾಣುತ್ತದೆ. 8 ಮಿ.ಲೀ. ಅಳೆಯಲು 100ರ ಜಾಡಿ ಬೇಡ, 10ರ ಜಾಡಿಯೋ ಸಿರಿಂಜೋ ಸಾಕು.

ಮುರಕಲ್ಲಿನ ಸಾಂದ್ರತೆ

ಪುಸ್ತಕದಲ್ಲಿ ಪ್ರಯೋಗ ಸರಳ: ಕಲ್ಲನ್ನು ತೂಗಿ, ನೀರಿನಲ್ಲಿ ಮುಳುಗಿಸಿ, ಏರಿದ ನೀರಿನ ಘನಫಲದಿಂದ ಭಾಗಿಸಿ. ಕಪ್ಪು ಶಿಲೆಗೆ ಇದು ಸರಿಹೋಗುತ್ತದೆ. ನಮ್ಮೂರಿನಲ್ಲಿ ಮಗು ಅಂಗಳದಿಂದ ಎತ್ತಿ ತರುವುದು ಮಾತ್ರ ಮುರಕಲ್ಲು, ಮೈತುಂಬ ತೂತು. ಅಲ್ಲಿಗೆ ಪ್ರಯೋಗ ಕೈಕೊಡುತ್ತದೆ. ಕೈಕೊಡುವ ರೀತಿಯನ್ನು ನೋಡುವುದೇ ಒಳ್ಳೆಯ ಪಾಠ.

ಒಂದು ತುಂಡು ಒಣಗಿದಾಗ 240 ಗ್ರಾಂ ಇದೆ ಎಂದುಕೊಳ್ಳಿ. ನೂಲು ಕಟ್ಟಿ, ಅಗಲ ಬಾಯಿಯ ಗೀಟಿರುವ ಪಾತ್ರೆಗೆ ಇಳಿಸುತ್ತೀರಿ. ನೀರು 120 ಮಿ.ಲೀ.ನಷ್ಟು ಏರುತ್ತದೆ. ಕಲ್ಲಿನಿಂದ ಗುಳ್ಳೆಗಳು ಬುಳಬುಳನೆ ಏಳುತ್ತವೆ. ಐದು ನಿಮಿಷ ಕಳೆದು ನೋಡಿದರೆ ಮಟ್ಟ ಇಳಿದಿದೆ. ಅರ್ಧ ಗಂಟೆಗೆ 103ಕ್ಕೆ ಬಂದು ನಿಂತಿದೆ. ನೀರು ಎಲ್ಲಿಗೂ ಹೋಗಲಿಲ್ಲ, ತೂತುಗಳೊಳಗಿನ ಗಾಳಿಯನ್ನು ಹೊರಹಾಕಿ ಒಳಗೆ ಕೂತಿತು. ಮೊದಲ ಓದಿನಿಂದ ಸಾಂದ್ರತೆ ಘನ ಸೆಂಟಿಮೀಟರಿಗೆ 2.0 ಗ್ರಾಂ, ಎರಡನೆಯದರಿಂದ 2.33. ಯಾವುದು ಸರಿ?

ಮೊದಲನೆಯದು ಯಾವುದಕ್ಕೂ ಸಲ್ಲದ್ದು. ಎಷ್ಟು ಬೇಗ ಓದಿದಿರಿ ಎಂಬುದರ ಮೇಲೆ ಅದು ಬದಲಾಗುತ್ತದೆ. ಎರಡನೆಯದು ತೂತುಗಳನ್ನು ಬಿಟ್ಟು, ಕಲ್ಲಿನ ಗಟ್ಟಿ ಭಾಗದ ಸಾಂದ್ರತೆಗೆ ಹತ್ತಿರ. ಗೋಡೆ ಕಟ್ಟುವಾಗ ಎಷ್ಟು ಭಾರ ಬೀಳುತ್ತದೆ ಎಂದು ಲೆಕ್ಕ ಹಾಕುವವರಿಗೆ ಬೇಕಾದ್ದು ಮೂರನೆಯದು: ತೂತೂ ಸೇರಿದ ಇಡೀ ಕಲ್ಲಿನದು. ಅದಕ್ಕೆ ಕ್ರಮ ಹೀಗೆ.

ಕಲ್ಲನ್ನು ಮೊದಲು ಚೆನ್ನಾಗಿ ಒಣಗಿಸಿ ತೂಗಿ: 240 ಗ್ರಾಂ. ಮಳೆಗಾಲದಲ್ಲಿ ಬಿಸಿಲಿಲ್ಲವೆಂದು ಹಾಗೇ ತೂಗಿದರೆ ಒಳಗಿನ ತೇವವೂ ಲೆಕ್ಕಕ್ಕೆ ಬರುತ್ತದೆ. ಒಲೆಯ ಪಕ್ಕ ಇಟ್ಟು, ತೂಕ ಇಳಿಯುವುದು ನಿಂತ ಮೇಲೆ ಬರೆದುಕೊಳ್ಳಿ. ಅನಂತರ ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ. ಬೆಳಿಗ್ಗೆ ತೆಗೆದು ಒದ್ದೆ ಬಟ್ಟೆಯಿಂದ ಮೇಲಿನ ನೀರನ್ನಷ್ಟೇ ಒರಸಿ. ಒಣ ಬಟ್ಟೆಯಾದರೆ ತೂತಿನ ನೀರನ್ನೂ ಎಳೆದುಬಿಡುತ್ತದೆ. ತೂಗಿ: 262 ಗ್ರಾಂ ಬಂತು. ಅಂದರೆ 22 ಗ್ರಾಂ ನೀರು ಒಳಗಿದೆ, ತೂತುಗಳ ಘನಫಲ 22 ಮಿ.ಲೀ. ಈಗ ನೆನೆದ ಕಲ್ಲನ್ನೇ ನೀರಿಗೆ ಇಳಿಸಿ. ಇನ್ನು ಹೀರಲು ಜಾಗವಿಲ್ಲ, ಮಟ್ಟ ಏರಿ 125ಕ್ಕೆ ನಿಲ್ಲುತ್ತದೆ, ಕದಲುವುದಿಲ್ಲ. ಒಣ ತೂಕ 240ನ್ನು 125ರಿಂದ ಭಾಗಿಸಿದರೆ 1.92. ನೆನೆದ ತೂಕ 262ರಿಂದ ಲೆಕ್ಕ ಮಾಡಿದರೆ 2.10 ಬರುತ್ತದೆ, ಅದು ಮಳೆಯಲ್ಲಿ ತೊಯ್ದ ಗೋಡೆಯ ಕಲ್ಲು. ಲೆಕ್ಕ ಸರಿಯೇ ಎಂದು ನೋಡಲು 125ರಿಂದ 22 ಕಳೆಯಿರಿ: 103. ಒಣಕಲ್ಲು ಮುಳುಗಿಸಿ ಅರ್ಧ ಗಂಟೆ ಕಾದಾಗ ಸಿಕ್ಕಿದ್ದೂ ಅದೇ.

ಒಂದೇ ಕಲ್ಲು; 2.33, 1.92, 2.10 ಎಂದು ಮೂರು ಉತ್ತರ, ಮೂರೂ ಸರಿ. ಪರೀಕ್ಷೆಯಲ್ಲಿ ಯಾವುದನ್ನು ಕೇಳಿದ್ದಾರೆ ಎಂದು ನೋಡಿ ಬರೆಯಬೇಕು. ಕ್ಯಾಲ್ಕುಲೇಟರ್ 2.3300970 ಎಂದು ತೋರಿಸಿದರೂ ಬರೆಯಬೇಕಾದ್ದು 2.33. ಮೂರು ಅಂಕಿಯಷ್ಟೇ ನಿಖರವಾಗಿ ಅಳೆದವರು ಎಂಟು ಅಂಕಿ ಬರೆದರೆ ಅಳೆಯದ್ದನ್ನು ಅಳೆದೆವೆಂದು ಹೇಳಿದ ಹಾಗಾಗುತ್ತದೆ.

ತೇಲುವ ವಸ್ತುವಾದರೆ, ಉದಾಹರಣೆಗೆ ಮೇಣದಬತ್ತಿ, ಕೆಳಗೆ ಒಂದು ಕಬ್ಬಿಣದ ನಟ್ಟು ಕಟ್ಟಿ. ಮೊದಲು ನಟ್ಟು ಮಾತ್ರ ಮುಳುಗಿಸಿ ಓದಿ, ಬಳಿಕ ಎರಡನ್ನೂ ಮುಳುಗಿಸಿ ಓದಿ, ವ್ಯತ್ಯಾಸವೇ ಮೇಣದಬತ್ತಿಯ ಘನಫಲ. ಬೆರಳಿನಿಂದ ಅದುಮಿ ಹಿಡಿದರೆ ಬೆರಳಿನ ಘನಫಲವೂ ಸೇರುತ್ತದೆ.

ಏಕಮಾನ ಬದಲಿಸುವುದು

ಜಾಗದ ತೀರ್ವೆ (ಭೂಕಂದಾಯ) ರಶೀದಿ ತೆಗೆಯಿರಿ. ಅದರಲ್ಲಿ ಜಾಗ ಹೆಕ್ಟೇರ್, ಆರ್, ಚದರ ಮೀಟರ್ ಎಂದಿರುತ್ತದೆ. ಮನೆಯಲ್ಲಿ ಮಾತನಾಡುವುದು ಸೆಂಟ್ಸಿನಲ್ಲಿ. ಒಂದು ಆರ್ ಎಂದರೆ 100 ಚದರ ಮೀಟರ್, ನೂರು ಆರ್ ಸೇರಿ ಹೆಕ್ಟೇರ್. ಒಂದು ಸೆಂಟ್ಸ್ 40.47 ಚದರ ಮೀಟರ್. ರಶೀದಿಯಲ್ಲಿ 12 ಆರ್ 14 ಚದರ ಮೀಟರ್ ಎಂದಿದ್ದರೆ ಒಟ್ಟು 1214 ಚದರ ಮೀಟರ್. ಇದನ್ನು '1 ಸೆಂಟ್ಸ್ ಭಾಗಿಸು 40.47 ಚದರ ಮೀಟರ್' ಎಂಬ ಭಿನ್ನರಾಶಿಯಿಂದ ಗುಣಿಸಿ. ಮೇಲಿನ ಚದರ ಮೀಟರ್, ಕೆಳಗಿನ ಚದರ ಮೀಟರ್ ಹೊಡೆದುಹೋಗಿ 30 ಸೆಂಟ್ಸ್ ಉಳಿಯುತ್ತದೆ. ಏಕಮಾನವನ್ನೂ ಅಂಕಿಯ ಹಾಗೆಯೇ ಬರೆದು ಹೊಡೆದುಹಾಕುವ ಈ ಅಭ್ಯಾಸ ಒಂದಿದ್ದರೆ ಗುಣಿಸಬೇಕೋ ಭಾಗಿಸಬೇಕೋ ಎಂಬ ಸಂಶಯವೇ ಬರದು. ಕೊನೆಗೆ ಉಳಿದ ಏಕಮಾನ 'ಚದರ ಮೀಟರಿನ ವರ್ಗ ಭಾಗಿಸು ಸೆಂಟ್ಸ್' ಎಂಬಂಥ ವಿಚಿತ್ರವಾದರೆ ಭಿನ್ನರಾಶಿ ತಲೆಕೆಳಗಾಗಿದೆ. ಆರ್ ಮತ್ತು ಎಕ್ರೆ ಕಿವಿಗೆ ಹತ್ತಿರ ಕೇಳಿದರೂ ನಡುವೆ ನಲವತ್ತು ಪಟ್ಟು ವ್ಯತ್ಯಾಸ. ಎಕ್ರೆಗೆ ನೂರು ಸೆಂಟ್ಸ್, ಆರ್‌ಗೆ ಎರಡೂವರೆಗೆ ತುಸು ಕಡಿಮೆ.

ಮಕ್ಕಳು ಅತಿ ಹೆಚ್ಚು ಬೀಳುವ ಗುಂಡಿ ಚದರ ಮತ್ತು ಘನ. ಮೀಟರಿಗೆ 100 ಸೆಂಟಿಮೀಟರ್, ಸರಿ. ಚದರ ಮೀಟರಿಗೆ 10,000 ಚದರ ಸೆಂಟಿಮೀಟರ್. ಘನ ಮೀಟರಿಗೆ 10 ಲಕ್ಷ ಘನ ಸೆಂಟಿಮೀಟರ್, ಅಂದರೆ 1000 ಲೀಟರ್. ಸಿಮೆಂಟ್ ಟ್ಯಾಂಕಿ ಒಳಗಡೆ 1.5 ಮೀಟರ್ ಉದ್ದ, 1.2 ಮೀಟರ್ ಅಗಲ, 90 ಸೆ.ಮೀ. ಆಳ ಇದ್ದರೆ ಮೂರನ್ನೂ ಹಾಗೇ ಗುಣಿಸಿದಾಗ 162 ಬರುತ್ತದೆ, ಅದಕ್ಕೆ ಏಕಮಾನವೇ ಇಲ್ಲ. ಮೊದಲು 90ನ್ನು 0.9 ಮಾಡಿ: 1.62 ಘನ ಮೀಟರ್, 1620 ಲೀಟರ್.

ಬಾವಿ, ಸುರಂಗದ ಅಳತೆಯಲ್ಲಿ ಕೋಲು ಎನ್ನುವುದು ಎರಡೂವರೆ ಅಡಿಯ ಆಸುಪಾಸು, ಮುಕ್ಕಾಲು ಮೀಟರ್. ಅಡಿಗೆ 30.48 ಸೆ.ಮೀ., ಇಂಚಿಗೆ 2.54 ಸೆ.ಮೀ., ಈ ಎರಡು ಪಕ್ಕಾ. ಚಿನ್ನದ ಪವನು 8 ಗ್ರಾಂ. ವೇಗಕ್ಕೆ ಗಂಟೆಗೆ ಕಿಲೋಮೀಟರನ್ನು 3.6ರಿಂದ ಭಾಗಿಸಿದರೆ ಸೆಕೆಂಡಿಗೆ ಮೀಟರ್: 72 ಇದ್ದರೆ 20.

ಲೋಲಕ

ನೂಲಿಗೆ ಗುಂಡು ಕಟ್ಟಿ, ಕಟ್ಟಿದ ಜಾಗದಿಂದ ಗುಂಡಿನ ನಡುವಿನವರೆಗೆ ಸರಿಯಾಗಿ ಒಂದು ಮೀಟರ್ ಮಾಡಿ. ತೂಗುವ ಕೋನ ಹತ್ತು ಡಿಗ್ರಿ ಮೀರಬಾರದು. ಗುಂಡು ಕೆಳಬಿಂದುವನ್ನು ದಾಟುವಾಗ ಗಡಿಯಾರ ಒತ್ತಿ, ತುದಿಯಲ್ಲಿ ಒತ್ತಿದರೆ ಯಾವಾಗ ನಿಂತಿತು ಎಂದು ಕಣ್ಣಿಗೆ ತಿಳಿಯದು. ಒತ್ತುವಾಗ 'ಸೊನ್ನೆ' ಎನ್ನಿ, ಅದೇ ದಿಕ್ಕಿನಲ್ಲಿ ಮತ್ತೆ ದಾಟಿದಾಗ 'ಒಂದು'. 20 ಆಂದೋಲನಕ್ಕೆ ಕಾಸರಗೋಡಿನಲ್ಲಿ 40.2 ಸೆಕೆಂಡು ಬರಬೇಕು. ನಮ್ಮ ಅಕ್ಷಾಂಶ ಹನ್ನೆರಡೂವರೆ ಡಿಗ್ರಿ, ಇಲ್ಲಿ ಗುರುತ್ವ ವೇಗೋತ್ಕರ್ಷ 9.78, ಪುಸ್ತಕದ 9.8ಕ್ಕಿಂತ ಕೂದಲೆಳೆ ಕಡಿಮೆ.

ಈ ಸಮಯವನ್ನು ಪುಸ್ತಕದ ಸೂತ್ರಕ್ಕೆ ಹಾಕಿ ಗುರುತ್ವ ವೇಗೋತ್ಕರ್ಷ ಲೆಕ್ಕ ಮಾಡಿದಾಗ, ಬಂದ ಉತ್ತರ ನೋಡಿಯೇ ತಪ್ಪು ಎಲ್ಲಿ ಎಂದು ಹೇಳಬಹುದು. 10.8 ಬಂದರೆ ಎಣಿಕೆಯನ್ನು 'ಒಂದು' ಎಂದು ಆರಂಭಿಸಿ ಹತ್ತೊಂಬತ್ತನ್ನೇ ಇಪ್ಪತ್ತು ಎಂದದ್ದು. 9.7 ಬಂದರೆ ಉದ್ದವನ್ನು ಗುಂಡಿನ ನಡುವಿನವರೆಗೆ ಅಳೆಯದೆ ಮೇಲಿನ ಕೊಂಡಿಯವರೆಗೆ ಅಳೆದದ್ದು, ಒಂದು ಸೆಂಟಿಮೀಟರ್ ಕಡಿಮೆಯಾಗಿದೆ. 39ರ ಹತ್ತಿರ ಬಂದರೆ ಹೋಗುವುದೊಂದು, ಬರುವುದೊಂದು ಎಂದು ಎರಡಾಗಿ ಎಣಿಸಿದ್ದು. ಪ್ರತಿಸಲವೂ ಬೇರೆ ಬೇರೆ ಬರುತ್ತಿದ್ದರೆ ನೂಲು ಮೇಲೆ ಜಾರುತ್ತಿದೆ, ಇಲ್ಲವೇ ಗುಂಡು ವೃತ್ತಾಕಾರವಾಗಿ ತಿರುಗುತ್ತಿದೆ.

ಮಳೆ ಅಳೆಯುವುದು

ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ ಬೀಳುವ ಊರಿನಲ್ಲಿ ಇದನ್ನು ಬಿಟ್ಟರೆ ನಷ್ಟ. ಒಂದು ಮಿಲಿಮೀಟರ್ ಮಳೆ ಎಂದರೆ ಚದರ ಮೀಟರಿಗೆ ಒಂದು ಲೀಟರ್ ನೀರು. 100 ಚದರ ಮೀಟರ್ ಮಾಡಿನ ಮೇಲೆ 10 ಮಿ.ಮೀ. ಬಿದ್ದರೆ 1000 ಲೀಟರ್.

10 ಸೆ.ಮೀ. ಬಾಯಿಯ ಲಾಳಿಕೆಯನ್ನು 2 ಲೀಟರ್ ಬಾಟಲಿಗೆ ಸಿಕ್ಕಿಸಿ. ಲಾಳಿಕೆಯ ವಿಸ್ತೀರ್ಣ 78.5 ಚದರ ಸೆಂಟಿಮೀಟರ್, ಆದ್ದರಿಂದ 1 ಮಿ.ಮೀ. ಮಳೆಗೆ 7.85 ಮಿ.ಲೀ. ನೀರು ಸೇರುತ್ತದೆ. ಬಾಟಲಿಯ ನೀರನ್ನು ಅಳತೆ ಜಾಡಿಗೆ ಸುರಿದು, ಬಂದ ಮಿಲಿಲೀಟರನ್ನು 7.85ರಿಂದ ಭಾಗಿಸಿ. ಬಾಟಲಿಯ ಆಕಾರ ಹೇಗಿದ್ದರೂ ಚಿಂತೆಯಿಲ್ಲ. ಬಾಟಲಿಗೇ ಸ್ಕೇಲು ಅಂಟಿಸಿ ನೀರಿನ ಎತ್ತರ ಓದುವುದು ಮಾತ್ರ ಬೇಡ: ಲಾಳಿಕೆಯ ಬಾಯಿಗೂ ಬಾಟಲಿಯ ಹೊಟ್ಟೆಗೂ ಅಗಲ ಬೇರೆ, ತಳವೂ ಉಬ್ಬುತಗ್ಗು.

ಲಾಳಿಕೆಯ ಬಾಯಿಯನ್ನು ಒಳ ಅಂಚಿನಿಂದ ಒಳ ಅಂಚಿಗೆ, ನಾಲ್ಕು ದಿಕ್ಕಿನಲ್ಲಿ ಅಳೆದು ಸರಾಸರಿ ತೆಗೆಯಿರಿ. ಇಲ್ಲಿ ಅರ್ಧ ಸೆಂಟಿಮೀಟರ್ ತಪ್ಪಿ 9.5 ಎಂದು ಬರೆದರೆ ಇಡೀ ವರ್ಷದ ಮಳೆ ಶೇಕಡಾ 11ರಷ್ಟು ಹೆಚ್ಚು ಬರುತ್ತದೆ; ವ್ಯಾಸ ವರ್ಗವಾಗುವುದರಿಂದ ತಪ್ಪೂ ಇಮ್ಮಡಿಯಾಗುತ್ತದೆ. ಲಾಳಿಕೆಯ ಅಂಚು ನೆಲದಿಂದ 30 ಸೆ.ಮೀ. ಎತ್ತರದಲ್ಲಿ, ಮಟ್ಟವಾಗಿರಲಿ. ಇನ್ನೂ ತಗ್ಗಿದರೆ ಅಂಗಳದ ನೀರು ಸಿಡಿದು ಒಳಗೆ ಬೀಳುತ್ತದೆ. ಮರ ಅಥವಾ ಮಾಡು ಎಷ್ಟು ಎತ್ತರವೋ ಅದರ ಎರಡು ಪಟ್ಟು ದೂರದಲ್ಲಿಡಿ. ಅಡಿಕೆ ತೋಟದ ನಡುವೆ ಇಟ್ಟರೆ ಸೋಗೆ ತಡೆದದ್ದು, ಸೋಗೆಯಿಂದ ಸುರಿದದ್ದು ಎರಡೂ ಸೇರಿ ಅಂಕಿಗೆ ಅರ್ಥವೇ ಇರುವುದಿಲ್ಲ.

ಹವಾಮಾನ ಇಲಾಖೆಯ ಅಂಕಿಯೊಡನೆ ಹೋಲಿಸಬೇಕಾದರೆ ದಿನವೂ ಬೆಳಿಗ್ಗೆ 8.30ಕ್ಕೆ ಅಳೆಯಿರಿ, ಅವರ ದಿನ ಮುಗಿಯುವುದು ಆಗ. 24 ಗಂಟೆಯಲ್ಲಿ 64.5 ಮಿ.ಮೀ. ಮುಟ್ಟಿದರೆ ಅವರ ಲೆಕ್ಕದಲ್ಲಿ ಭಾರೀ ಮಳೆ, 115.6ಕ್ಕೆ ಅತಿ ಭಾರೀ, 204.4 ದಾಟಿದರೆ ಅದಕ್ಕೂ ಮೇಲಿನದು. ಪತ್ರಿಕೆಯಲ್ಲಿ '12 ಸೆ.ಮೀ. ಮಳೆ' ಎಂದಿದ್ದರೆ ನಿಮ್ಮ ಪುಸ್ತಕದ 120 ಮಿ.ಮೀ.ಗೆ ಹೋಲಿಸಿ. ನಿಮ್ಮ 2 ಲೀಟರ್ ಬಾಟಲಿ ತುಂಬುವುದು ಸುಮಾರು 255 ಮಿ.ಮೀ.ಗೆ. ಬಾಟಲಿ ಬಾಯಿಮಟ್ಟ ತುಂಬಿ ನಿಂತಿದ್ದರೆ 255 ಎಂದು ಬರೆಯಬೇಡಿ, '255ಕ್ಕಿಂತ ಹೆಚ್ಚು' ಎಂದು ಬರೆಯಿರಿ. ಜೋರು ಮಳೆಯ ಎಚ್ಚರಿಕೆ ಇದ್ದ ದಿನ ರಾತ್ರಿ ಮಲಗುವ ಮೊದಲು ಒಮ್ಮೆ ಖಾಲಿ ಮಾಡಿ, ಬಂದದ್ದನ್ನು ಗುರುತು ಹಾಕಿಟ್ಟು, ಬೆಳಗಿನದಕ್ಕೆ ಕೂಡಿಸಿ.